ಕಲಾಳಿಗೊಂದು ಗ್ಲಾಸು ಹಿಪ್ಪುನೇರಳೆ

ಫೆಬ್ರವರಿ 11, ಮಂಗಳವಾರ

ನಿವೃತ್ತಿಯ ದಿನ ಕಾರ್ಖಾನೆಯವರು ಹಾರ, ಶಾಲು, ಒಂದು ಗೋಡೆ ಗಡಿಯಾರ ಮತ್ತು ಈ ಡೈರಿ ಕೊಟ್ಟರು. ಗಡಿಯಾರ ಮೊನ್ನೆಯೇ ನಿಂತುಹೋಯಿತು. ಡೈರಿಯಲ್ಲಿ ಬರೆಯುವಂಥದ್ದು ಇವತ್ತು ನಡೆಯಿತು. ಕಲಾ ಮನೆ ಬಿಟ್ಟು ಹೋದಳು.

ದೂರವೇನಲ್ಲ. ಬಂಗಾರಪೇಟೆಗೆ, ತಂಗಿ ರಾಧಳ ಮನೆಗೆ. ಆದರೆ ತಲೆದಿಂಬು ಸಮೇತ ಹೋಗಿದ್ದಾಳೆ. ಎರಡು ದಿನಕ್ಕೆ ಹೋಗುವವರು ದಿಂಬು ಹೊತ್ತುಕೊಂಡು ಹೋಗುವುದಿಲ್ಲ ಅನ್ನುವಷ್ಟು ಬುದ್ಧಿ ನನಗೂ ಇದೆ.

ನಡೆದದ್ದು ಇಷ್ಟೇ. ನನ್ನ ಜೊತೆ ಕೆಲಸ ಮಾಡಿ ಹೋದ ವರ್ಷ ನಿವೃತ್ತನಾದ ಸೆಲ್ವರಾಜ್ ಮಧ್ಯಾಹ್ನ ಊಟಕ್ಕೆ ಬಂದಿದ್ದ. ಸಾರಿಗೆ ಹುಳಿ ಜಾಸ್ತಿಯಾಗಿದೆ, ಬೇಳೆ ಬೆಂದಿಲ್ಲ, ಪಲ್ಯದಲ್ಲಿ ಕಾಯಿತುರಿ ಒಂದೇ ಸಮ ಹರಡಿಲ್ಲ ಅಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಜೀವಮಾನವೆಲ್ಲ ತಪಾಸಣೆ ವಿಭಾಗದಲ್ಲಿ ಇದ್ದವನು. ಬುಲ್ಡೋಜರಿಗೆ ಹೋಗುವ ಸಿಲಿಂಡರಿನ ಮೇಲೆ ಕೂದಲೆಳೆಯಷ್ಟು ಗೀರಿದ್ದರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುತ್ತಿದ್ದೆ. ಅದಕ್ಕೆ ಯಾರೂ ಅಳಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ.

ಕಲಾ ಸೌಟನ್ನು ನನ್ನ ತಟ್ಟೆಯಲ್ಲೇ ಇಟ್ಟಳು. "ನೀವು ಕಾರ್ಖಾನೆಗೆ ಓಗ್ತಿದ್ದಾಗ ಒಂದೊತ್ತಾದ್ರೂ ನೆಮ್ಮದಿಯಾಗಿ ಉಣ್ತಿದ್ದೆ ಕಣ್ರೀ," ಅಂದಳು. ಸೆಲ್ವರಾಜ್ ತಲೆ ಬಗ್ಗಿಸಿಕೊಂಡು ಮೂರನೇ ಸಲ ಸಾರು ಹಾಕಿಸಿಕೊಂಡ. ಅವನಿಗೆ ಏನು ಕೊಟ್ಟರೂ ನಡೆಯುತ್ತದೆ.

ಬಂದೇ ಬರುತ್ತಾಳೆ. ನಾನೇನೂ ಫೋನ್ ಮಾಡುವುದಿಲ್ಲ.

ಫೆಬ್ರವರಿ 14, ಶುಕ್ರವಾರ

ಅನ್ನ ಮಾಡಿದೆ. ತಳ ಹಿಡಿಯಿತು. ಕುಕ್ಕರಿನದೇ ದೋಷ.

ಬರಲಿಲ್ಲ.

ಫೆಬ್ರವರಿ 19, ಬುಧವಾರ

ಕೊನೆಗೆ ನಾನೇ ಹೋದೆ. ಕರೆಯುವುದಕ್ಕೆ ಅಲ್ಲ, ಗ್ಯಾಸ್ ಬುಕ್ ಮಾಡುವ ನಂಬರ್ ಕೇಳುವುದಕ್ಕೆ.

ರಾಧ ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಒಂದು ಸಣ್ಣ ಮೆಸ್ ನಡೆಸುತ್ತಾಳೆ. ನಾನು ಹೋದಾಗ ಊಟದ ಹೊತ್ತು, ನಿಲ್ಲಲು ಜಾಗವಿಲ್ಲ. ಸಾರಿನ ಬಕೆಟ್ ಹಿಡಿದು ಬೆಂಚುಗಳ ಮಧ್ಯೆ ಓಡಾಡುತ್ತಿದ್ದವಳು ಕಲಾ! ಲಾರಿ ಡ್ರೈವರುಗಳು, ಬ್ಯಾಂಕಿನವರು, ಎಲ್ಲರೂ "ಅಕ್ಕಾ, ಇಲ್ಲಿ ಸ್ವಲ್ಪ ಸಾರು" ಅಂತ ಕೈ ಎತ್ತುತ್ತಿದ್ದರು. ನಾನೂ ಒಂದು ಮೂಲೆಯಲ್ಲಿ ಕೂತೆ. ನನ್ನ ಎಲೆಯ ಮುಂದೆಯೂ ಬಂದು, ಗುರುತೇ ಇಲ್ಲದವಳ ಹಾಗೆ, "ಸಾರು ಬೇಕಾ?" ಅಂದಳು. ಹಾಕಿಸಿಕೊಂಡೆ. ಅದೇ ಹುಳಿ ಸಾರು.

ಜನ ಕರಗಿದ ಮೇಲೆ, ಮನೆಗೆ ಯಾವಾಗ ಬರುತ್ತೀ ಅಂದೆ.

"ಯಾಕ್ ಬರ್ಬೇಕು? ಇಲ್ಲಿ ಒಬ್ಬೊಬ್ರು ಎರಡೆರಡು ಸಲ ಆಕಿಸ್ಕೊಂಡು ತಿಂತಾರೆ."

"ಮನೆ ನೋಡಿಕೊಳ್ಳುವವರು ಯಾರು?"

"ನೀವಿದ್ದೀರಲ್ಲ, ರಿಟೈರಾಗಿ."

ರಾಧ ಒಳಗೆ ಪಾತ್ರೆಗಳನ್ನು ಬೇಕೆಂದೇ ಮೆಲ್ಲಗೆ ಜೋಡಿಸುತ್ತಿದ್ದಳು, ಒಂದು ಮಾತೂ ತಪ್ಪಿಹೋಗದಿರಲಿ ಅಂತ. ಕಲಾ ಬೆಂಚಿನ ಮೇಲೆ ಕೂತು ಕೈ ಒರೆಸಿಕೊಂಡಳು. "ಒಂದ್ ಕೆಲ್ಸ ಮಾಡಿ. ನಿಮ್ಮ ಆಫೀಸರ್ ಮಗಳ ರಿಸೆಪ್ಷನ್ನಲ್ಲಿ ಒಬ್ಬ ನೇರಳೆ ಬಣ್ಣದ್ದು ತಂದುಕೊಟ್ನಲ್ಲ, ಪುದೀನ ಎಲೆ ಸಿಗ್ಸಿ? ನಾನು ಬಾಯಿಗಿಡೋದ್ರೊಳಗೆ, ಇದು ವೋಡ್ಕಾ, ಎಂಗಸ್ರು ಕುಡಿಯೋದಲ್ಲ ಅಂತ ಎಲ್ರ ಮುಂದೆ ಕಿತ್ಕೊಂಡು, ನೀವೇ ಕುಡಿದ್ರಿ."

ಚೆಲ್ಲಬಾರದು ಅಂತ ಕುಡಿದಿದ್ದು. ಅದನ್ನು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

"ನಂಗೆ ಅದೇ ಬೇಕು. ಅದೇ ಬಣ್ಣ. ಓಟ್ಲುದಲ್ಲ, ನಿಮ್ಮ ಕೈಯಾರೆ ಮಾಡಿದ್ದು. ಯುಗಾದಿಯೊಳಗೆ ಮಾಡ್ಕೊಟ್ರೆ ಮನೆಗೆ ಬತ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ, ರಾಧನ ಮೇಲಿನ ರೂಮು ಖಾಲಿ ಐತೆ."

ತಮಾಷೆ ಅಂದುಕೊಂಡೆ. ಮುಖ ನೋಡಿದೆ. ತಮಾಷೆ ಅಲ್ಲ.

ಗ್ಯಾಸಿನ ನಂಬರ್ ಕೇಳುವುದು ಮರೆತೇಹೋಯಿತು.

ಫೆಬ್ರವರಿ 22, ಶನಿವಾರ

ಮಂಗಳೂರಿನಲ್ಲಿ ನರ್ಸ್ ಆಗಿರುವ ಮಗಳು ಅನುಗೆ ಫೋನ್ ಮಾಡಿ, ಆ ಪಾನೀಯ ಹೇಗೆ ಮಾಡುತ್ತಾರೆ ಅಂತ ಕೇಳಿದೆ. ಅವಳು ನಕ್ಕ ನಗುವಿಗೆ ವಾರ್ಡಿನ ರೋಗಿಗಳೆಲ್ಲ ಎದ್ದು ಕೂತಿರಬೇಕು. ಆಮೇಲೆ ಒಂದು ವಿಡಿಯೊ ಕಳಿಸಿದಳು. ಬೆರ್ರಿ ಹಣ್ಣು ಜಜ್ಜಬೇಕು, ಸಕ್ಕರೆ ಪಾಕ, ನಿಂಬೆರಸ, ಪುದೀನ, ವೋಡ್ಕಾ, ಐಸು ಹಾಕಿ ಡಬ್ಬಿಯಲ್ಲಿ ಕುಲುಕಬೇಕು, ಸೋಡಾ ಹಾಕಬೇಕು. ಕಾರ್ಖಾನೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಮಾಡಿದ್ದೇನೆ ಅಂದುಕೊಂಡೆ.

ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆ ಪೂರ್ತಿ ಸುತ್ತಿದೆ. ಬೆರ್ರಿ ಅಂದರೆ ಒಬ್ಬ ಬೋರೆಹಣ್ಣು ತೋರಿಸಿದ. ಕೊನೆಗೆ ಐಸ್‌ಕ್ರೀಮಿಗೆ ಹಾಕುವ ಕೆಂಪು ಸಿರಪ್ ಸಿಕ್ಕಿತು. ವೈನ್ ಶಾಪಿನಲ್ಲಿ ವೋಡ್ಕಾ ಕೇಳಿದಾಗ, ಅಲ್ಲಿ ನಿಂತಿದ್ದ ಕಾರ್ಖಾನೆಯ ಹುಡುಗರು "ಸಾರ್ ಬ್ರಾಂಡ್ ಚೇಂಜ್ ಮಾಡಿದಾರೆ" ಅಂತ ಪಿಸುಗುಟ್ಟಿದರು.

ಸಂಜೆ ಸೆಲ್ವರಾಜನನ್ನು ಕರೆದು ಕೂರಿಸಿಕೊಂಡೆ. ಎಲ್ಲವನ್ನೂ ಅಳತೆ ಮಾಡಿ ಕಲಾಳ ಸ್ಟೀಲ್ ಡಬ್ಬಿಗೆ ಸುರಿದೆ. ಸೋಡಾವನ್ನೂ ಸುರಿದೆ. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿದೆ.

ಡಬ್ಬಿ ಸಿಡಿಯಿತು. ಮುಚ್ಚಳ ಫ್ಯಾನಿಗೆ ಬಡಿಯಿತು, ಫ್ಯಾನು ಉಳಿದದ್ದನ್ನು ನಾಲ್ಕೂ ಗೋಡೆಗೆ ಹಂಚಿತು. ಜೀವಮಾನವೆಲ್ಲ ಸಿಲಿಂಡರುಗಳ ಒತ್ತಡ ಪರೀಕ್ಷೆ ಮಾಡಿದ ನಾನು, ಮುಚ್ಚಿದ ಡಬ್ಬಿಯಲ್ಲಿ ಸೋಡಾ ಕುಲುಕಿದೆ. ಸೆಲ್ವರಾಜ್ ಗಡ್ಡದ ಮೇಲಿದ್ದ ಹನಿಯನ್ನು ಬೆರಳಲ್ಲಿ ತೆಗೆದು ನೆಕ್ಕಿ, "ಇದು ಕೆಮ್ಮು ಔಷಧಿ ಸಾರ್," ಅಂದ.

ಅವನೇ ತನ್ನ ತಮಿಳು ಬೆರೆತ ಕನ್ನಡದಲ್ಲಿ ಒಂದು ದಾರಿಯನ್ನೂ ಹೇಳಿದ. "ಬೆರ್ರಿ ಅಂತ ಅಂಗಡಿಲಿ ಯಾಕ್ ಸಾರ್ ತೇಡ್ತೀರ? ಕಾಮಸಮುದ್ರ ಕಡೆ ರೇಷ್ಮೆ ತೋಟದಲ್ಲಿ ಇಪ್ಪುನೇರಳೆ ಅಣ್ಣು ಸುಮ್ನೆ ಬಿದ್ದು ಪೋಗ್ತೈತೆ. ನಮ್ಮ ಕೋದಂಡಪ್ಪ ಇದ್ದಾನೆ, ಅಲ್ಲಿಗೆ ಓಗಿ."

ಗೋಡೆ ಒರೆಸಿ ಮುಗಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು.

ಮಾರ್ಚ್ 3, ಸೋಮವಾರ

ಬಸ್ಸಿನಲ್ಲಿ ಕಾಮಸಮುದ್ರಕ್ಕೆ ಹೋಗಿ, ಅಲ್ಲಿಂದ ನಡೆದು ಕೋದಂಡಪ್ಪನ ತೋಟ ಮುಟ್ಟಿದೆ. ಹೊಸ ಜಾಗಕ್ಕೆ ಹೋಗುತ್ತಿದ್ದೇನೆ ಅಂತ ಇಸ್ತ್ರಿ ಮಾಡಿದ ಶರಟು ಹಾಕಿ, ಧಾರಾಳವಾಗಿ ಸೆಂಟು ಹೊಡೆದುಕೊಂಡಿದ್ದೆ. ಸಾಲುಸಾಲು ಹಿಪ್ಪುನೇರಳೆ ಗಿಡ, ಎಲೆಯ ಬುಡದಲ್ಲಿ ಕಪ್ಪು ಹಣ್ಣು. ಕಣ್ಣು ತುಂಬಿ ಬಂತು. ಒಂದು ರೆಂಬೆಗೆ ಕೈ ಹಾಕಿದೆ.

"ಏಯ್! ಯಾರ್ಲಾ ಅದು ಸೊಪ್ಪು ಮುಟ್ಟೋದು?"

ಕೋದಂಡಪ್ಪನ ಹೆಂಡತಿ ಕದಿರಮ್ಮ. ಹುಳ ಸಾಕುವ ಮನೆಯ ಬಾಗಿಲಿಂದಲೇ ಮೂಗು ಮುಚ್ಚಿಕೊಂಡು ಬಂದಳು. "ಸೆಂಟು ಒಡ್ಕೊಂಡು ಬಂದಿದ್ದೀರಲ್ಲ ಸಾ! ಈ ವಾಸ್ನೆ ಸೊಪ್ಪಿಗೆ ಅಂಟಿದ್ರೆ ಉಳ ಬಾಯಾಕಲ್ಲ. ಸತ್ತೋಗ್ತವೆ."

ನನ್ನನ್ನು ಹುಣಸೆಮರದ ಕೆಳಗೆ ನಿಲ್ಲಿಸಿ, ದೂರದಿಂದಲೇ ಮಾತಾಡಿಸಿದಳು. ಹುಳ ಪೊರೆ ಬಿಡುವ ಹೊತ್ತಂತೆ ಇದು. ಈಗ ಅವು ಏನೂ ತಿನ್ನುವುದಿಲ್ಲ, ಹಾಗಾಗಿ ಸೊಪ್ಪು ಕೊಯ್ಯುವುದಿಲ್ಲ. ಗುರುವಾರ ಎದ್ದು ತಿನ್ನಲು ಶುರುಮಾಡುತ್ತವೆ. ಆಗ ರೆಂಬೆ ಸಮೇತ ಕೊಯ್ದು ತಂದು, ಹಣ್ಣು ಬಿಡಿಸಿ ಎಸೆದು, ಸೊಪ್ಪು ಮಾತ್ರ ಹುಳಕ್ಕೆ ಹಾಕುತ್ತಾರಂತೆ. ಹಣ್ಣು ಹೋದರೆ ಹುಳದ ಹಾಸಿಗೆಯಲ್ಲಿ ತೇವವಾಗುತ್ತದೆ.

"ಎಸೆಯೋ ಅಣ್ಣು ನಿಮಗೇ. ಆದ್ರೆ ಕೂತ್ಕೊಂಡು ಬಿಡಿಸ್ಬೇಕು. ಬರೀ ನೀರಲ್ಲಿ ಸ್ನಾನ ಮಾಡ್ಕೊಂಡು ಬನ್ನಿ."

ನನ್ನನ್ನು ಗೇಟಿನಲ್ಲೇ ತಡೆದು ವಾಪಸ್ ಕಳಿಸಿದವರು ಇದುವರೆಗೆ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕದವನೂ ಎದ್ದು ಬೇರೆ ಸೀಟಿಗೆ ಹೋದ. ಸೆಂಟು ನಿಜವಾಗಿ ಸ್ವಲ್ಪ ಜಾಸ್ತಿಯಾಗಿತ್ತು.

ಮಾರ್ಚ್ 6, ಗುರುವಾರ

ಹಳೇ ಪಂಚೆ, ಹಳೇ ಬನಿಯನ್. ಕದಿರಮ್ಮ ಹತ್ತಿರ ಬಂದು ಮೂಸಿ ನೋಡಿ, "ಆ, ಕೂತ್ಕಳಿ," ಅಂದಳು. ಪಾಸಾದೆ!

ರೆಂಬೆಯ ಹೊರೆ ಬಂದು ಬೀಳುತ್ತಲೇ ಇತ್ತು. ನಾನು, ಕದಿರಮ್ಮ, ಪಕ್ಕದ ತೋಟದ ಮುನಿಸ್ವಾಮಪ್ಪ, ಮೂವರೂ ಚಾಪೆಯ ಮೇಲೆ ಕೂತು ಹಣ್ಣು ಬಿಡಿಸಿದೆವು. ಒಳಗಡೆ ಹುಳಗಳು ಸೊಪ್ಪು ಮೇಯುವ ಸದ್ದು ಸಣ್ಣಗೆ ಮಳೆ ಹನಿದ ಹಾಗೆ ಕೇಳುತ್ತಿತ್ತು. ಅವಕ್ಕೆ ನಾನು ಬಿಡಿಸಿಕೊಟ್ಟ ಸೊಪ್ಪು ಹಿಡಿಸಿತು ಅನ್ನುವುದು ಯಾಕೋ ಖುಷಿ ಕೊಟ್ಟಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಬೆರಳೆಲ್ಲ ಬದನೆಕಾಯಿ ಬಣ್ಣ.

ಹುಳ ಏಳುವ ದಿನಗಳಲ್ಲಿ ಆ ಮನೆಯಲ್ಲಿ ಅಡುಗೆ ಕೋದಂಡಪ್ಪನದಂತೆ. ಕದಿರಮ್ಮನಿಗೆ ಹುಳ ಬಿಟ್ಟು ಏಳಲು ಪುರುಸೊತ್ತಿರುವುದಿಲ್ಲ. ಅವನು ಮುದ್ದೆ, ಬಸ್ಸಾರು ಮಾಡಿ ತಂದಿಟ್ಟ. ಮುದ್ದೆಯಲ್ಲಿ ಗೋಲಿಯಷ್ಟು ದಪ್ಪ ಗಂಟುಗಳು, ಸಾರು ನೀರುನೀರು. ಕದಿರಮ್ಮ ಒಂದು ಮಾತಾಡದೆ ಉಂಡು, ಇನ್ನರ್ಧ ಮುದ್ದೆ ಹಾಕಿಸಿಕೊಂಡಳು. ಈ ಹೆಂಗಸಿಗೆ ನಾಲಿಗೆಯೇ ಇಲ್ಲವೋ ಏನೋ.

"ಉಪ್ಪು ಗಿಪ್ಪು ಬೇಕಾ ಸಾ?" ಅಂತ ಕೋದಂಡಪ್ಪ ನನ್ನನ್ನು ಕೇಳಿದ. ಅವನ ಹಣೆಯ ಮೇಲೆ ಒಲೆ ಬೂದಿ ಹತ್ತಿತ್ತು. ಹೇಳುವುದಕ್ಕೆ ಬಹಳ ಇತ್ತು. "ಬೇಡ, ಚೆನ್ನಾಗಿದೆ," ಅಂದುಬಿಟ್ಟೆ. ಯಾಕೆ ಹಾಗಂದೆನೋ ಗೊತ್ತಿಲ್ಲ. ಬಿಸಿಲು ಜಾಸ್ತಿಯಿತ್ತು.

ಮಾರ್ಚ್ 8, ಶನಿವಾರ

ಇವತ್ತು ಕ್ರಮಬದ್ಧ ಪ್ರಯೋಗ. ಐದು ಗ್ಲಾಸು, ಐದಕ್ಕೂ ಚೀಟಿ: ಅ, ಆ, ಇ, ಈ, ಉ. ಹಣ್ಣನ್ನು ಕಡೆಗೋಲಲ್ಲಿ ಜಜ್ಜಿ, ಒಂದೊಂದರಲ್ಲೂ ಪಾಕ, ನಿಂಬೆರಸ, ವೋಡ್ಕಾ ಬೇರೆ ಬೇರೆ ಅಳತೆಯಲ್ಲಿ ಬೆರೆಸಿದೆ. ಸೋಡಾ ಹಾಕಿದ್ದು ಈ ಸಲ ಕುಲುಕಿ ಮುಗಿಸಿದ ಮೇಲೆ. ಬಣ್ಣ ಅಂದರೆ ಬಣ್ಣ! ಅದೇ, ಅವತ್ತಿನದೇ. ರುಚಿ ನೋಡಲು ಸೆಲ್ವರಾಜ್.

ಅ: ಹಸಿ ಕಡ್ಡಿ ಅಗಿದ ಹಾಗೆ ಒಗರು. ಸೆಲ್ವರಾಜ್: ಸೂಪರ್.

ಆ: ಒಗರು. ಸೆಲ್ವರಾಜ್: ಸೂಪರ್.

ಇ: ಒಗರು ಇದೆ, ಆದರೂ ಪರವಾಗಿಲ್ಲ. ಸೆಲ್ವರಾಜ್ ಹಾಡು ಹೇಳಿದ.

ಈ: ಇದು ಇಳಿಯುವಾಗ ಬಹಳ ಮರ್ಯಾದೆಯಿಂದ ಇಳಿಯುತ್ತದೆ.

ಉ: ಉ ಒಳ್ಳೆಯ ಮನುಷ್ಯ. ಕಲಾ ಕೂಡ ಒಳ್ಳೆಯ ಮನುಷ್ಯ. ಸೆಲ್ವರಾಜನೂ. ಅವಳ ಹುಳಿ ಸಾರು ಬೇಕು ನನಗೆ ಈಗ

ಮಾರ್ಚ್ 9, ಭಾನುವಾರ

ತಲೆನೋವು. ನಿನ್ನೆ ಬರೆದ ಕೊನೆಯ ಸಾಲನ್ನು ಗಣನೆಗೆ ತೆಗೆದುಕೊಳ್ಳಬೇಕಿಲ್ಲ.

ಒಗರಿಗೆ ಕಾರಣ ಗೊತ್ತಾಯಿತು. ಹಿಪ್ಪುನೇರಳೆಗೆ ಹಸಿರು ತೊಟ್ಟು ಅಂಟಿಕೊಂಡಿರುತ್ತದೆ, ಎಳೆದರೆ ಬರುವುದಿಲ್ಲ. ಒಂದೊಂದು ಹಣ್ಣಿನದನ್ನೂ ಕತ್ತರಿಯಲ್ಲಿ ಕತ್ತರಿಸಬೇಕು. ಹಾಗೆ ಮಾಡೋಣ ಅಂತ ಉಳಿದ ಹಣ್ಣು ತೆಗೆದರೆ, ಬುಟ್ಟಿಯೆಲ್ಲ ಬೂಸಲು. ಹೊರಗೇ ಇಟ್ಟಿದ್ದೆ. ಫ್ರಿಜ್ ಅನ್ನುವುದೊಂದು ಮನೆಯಲ್ಲಿದೆ ಅನ್ನುವುದು ಕಲಾ ಇದ್ದರೆ ನೆನಪಿಗೆ ಬರುತ್ತಿತ್ತು.

ಮಾರ್ಚ್ 15, ಶನಿವಾರ

ಕದಿರಮ್ಮನಿಗೆ ಫೋನ್ ಮಾಡಿದೆ. ಹುಳ ಗೂಡು ಕಟ್ಟಿವೆಯಂತೆ, ತೋಟ ಪೂರ್ತಿ ಬೋಳು. ಸೊಪ್ಪು ಚಿಗುರಿ ಹಣ್ಣು ಬರುವಷ್ಟರಲ್ಲಿ ಯುಗಾದಿ ಕಳೆದಿರುತ್ತದೆ.

ಸಂಜೆ ರಾಧಳ ಫೋನು. "ಭಾವ, ಅಕ್ಕ ಮಂಚ ತಗಂಡ್ಳು. ರಾತ್ರಿ ಊಟಾನೂ ಶುರು ಮಾಡಾಣ ಅಂತಾಳೆ." ಮಂಚ! ದಿಂಬಿಗೆ ಹೆದರಿದ್ದೆ, ಈಗ ಮಂಚ.

ಸೆಲ್ವರಾಜನ ಹೆಂಡತಿ ಮೀನು ಸಾರು ಕಳಿಸಿದ್ದಳು. ಬಹಳ ಖಾರ. ಬಹಳ ರುಚಿ. ಪಾತ್ರೆ ತೊಳೆದು ವಾಪಸ್ ಕೊಟ್ಟು, ಚೆನ್ನಾಗಿತ್ತಮ್ಮ ಅಂತ ಹೇಳಿ ಬಂದೆ. ಆಕೆ ಬಾಗಿಲಲ್ಲೇ ನಿಂತು ನನ್ನ ಮುಖ ನೋಡಿದಳು. ಏನೋ ಅಂಟಿಕೊಂಡಿತ್ತೇನೋ ಅಂತ ಒರೆಸಿಕೊಂಡೆ.

ಮನೆ ತುಂಬಾ ದೊಡ್ಡದಾಗಿದೆ. ನಿದ್ದೆ ಬರುತ್ತಿಲ್ಲ. ಅವಳು ಬರದೇ ಇದ್ದರೆ ಏನು ಮಾಡುವುದು ಅಂತ ಭಯವಾಗುತ್ತಿದೆ. ಇದನ್ನು ಬರೆದೇ ಬಿಟ್ಟೆ.

ಮಾರ್ಚ್ 25, ಮಂಗಳವಾರ

ಕದಿರಮ್ಮ ತಾನಾಗೇ ಫೋನ್ ಮಾಡಿದಳು! "ಸಾ, ಮುನಿಸ್ವಾಮಪ್ಪನೋರ ಉಳ ಗುರುವಾರ ಏಳ್ತವೆ. ಅವರ ಸೊಪ್ಪಲ್ಲಿ ಅಣ್ಣು ಐತೆ. ನಿಮ್ಮ ಸುದ್ದಿ ಏಳಿವ್ನಿ, ಬಂದ್ಬಿಡಿ. ಅಮ್ಮಾವ್ರಿಗೆ ಕೊಡ್ಬೇಕಲ್ಲ."

ಅಮ್ಮಾವರ ವಿಷಯ ನಾನು ಅವಳಿಗೆ ಯಾವಾಗ ಹೇಳಿದೆ? ಹಣ್ಣು ಬಿಡಿಸುತ್ತಾ ಬಾಯಿ ಬಿಟ್ಟಿರಬೇಕು.

ಮಾರ್ಚ್ 27, ಗುರುವಾರ

ಬೆಳಗ್ಗೆಯಿಂದ ಮುನಿಸ್ವಾಮಪ್ಪನ ತೋಟದಲ್ಲಿ. ಹಣ್ಣು ಸಿಕ್ಕ ಮೇಲೂ ಹೊರೆ ಉಳಿದಿತ್ತು, ಅರ್ಧಕ್ಕೆ ಬಿಟ್ಟು ಏಳಲು ಮನಸ್ಸಾಗಲಿಲ್ಲ. ಇವರ ಮನೆಯಲ್ಲೂ ಮುದ್ದೆ ಗಂಟುಗಂಟು. ಈ ಕಡೆ ಹುಳದ ಸೀಜನ್ನಿನಲ್ಲಿ ಗಂಡಸರ ಕೈ ಮುದ್ದೆ ಹೀಗೇ ಇರುತ್ತದೆ ಅಂತ ಕಾಣುತ್ತದೆ. ಎರಡು ಉಂಡೆ.

ಸಂಜೆಯೆಲ್ಲ ಕಲಾಳ ಕತ್ತರಿ ಹಿಡಿದು ತೊಟ್ಟು ತೆಗೆದೆ. ಹಣ್ಣು ಫ್ರಿಜ್ಜಿನಲ್ಲಿದೆ. ಈಗಷ್ಟೇ ಎದ್ದು ಹೋಗಿ ಬಾಗಿಲು ತೆಗೆದು ನೋಡಿ ಬಂದೆ. ಇದೆ.

ಮಾರ್ಚ್ 28, ಶುಕ್ರವಾರ

ಮಧ್ಯಾಹ್ನದ ಊಟ ಮುಗಿದು ಮೆಸ್ ಮುಚ್ಚುವ ಹೊತ್ತಿಗೆ ಸರಿಯಾಗಿ ಹೋದೆ. ಚೀಲದಲ್ಲಿ ಹಣ್ಣು, ವೋಡ್ಕಾ, ಪಾಕ, ನಿಂಬೆ, ಪುದೀನ, ಸೋಡಾ, ಕಡೆಗೋಲು, ಸ್ಟೀಲ್ ಡಬ್ಬಿ. ಟವೆಲಿನಲ್ಲಿ ಸುತ್ತಿ ಮನೆಯ ಗಾಜಿನ ಗ್ಲಾಸು. ಮೆಸ್ಸಿನಲ್ಲಿ ಎಲ್ಲಾ ಸ್ಟೀಲು, ಬಣ್ಣ ಕಾಣುವುದಿಲ್ಲ.

ಅಕ್ಕತಂಗಿ ಇಬ್ಬರೂ ಗಿರಾಕಿಗಳ ಹಾಗೆ ಬೆಂಚಿನ ಮೇಲೆ ಕೂತರು. ನಾನು ಒಲೆಯ ಕಡೆ ನಿಂತೆ. ಹಣ್ಣು ಜಜ್ಜಿದೆ, ಸೋಸಿದೆ, ಬೆರೆಸಿದೆ, ಕುಲುಕಿದೆ, ರಾಧಳ ಫ್ರಿಜ್ಜಿನ ಐಸು ಹಾಕಿದೆ, ಮೇಲಿಂದ ಸೋಡಾ, ಒಂದು ಪುದೀನ ಎಲೆ. ಕಿಟಕಿಯ ಬೆಳಕಿಗೆ ಹಿಡಿದೆ. ಒಳ್ಳೆಯ ಬಣ್ಣ.

"ಕೈಗೇನಾಯ್ತು?" ಅಂದಳು ಕಲಾ.

"ಹಣ್ಣಿನ ಬಣ್ಣ. ಎಷ್ಟು ತೊಳೆದರೂ ಹೋಗುತ್ತಿಲ್ಲ."

"ಅಣ್ಣು ಎಲ್ಲಿತ್ತು?"

ಕಾಮಸಮುದ್ರ, ಹುಳ, ಸೆಂಟು, ಗಂಟು ಮುದ್ದೆ ಎಲ್ಲಾ ಹೇಳಿದೆ. ಮುದ್ದೆ ಎರಡು ಉಂಡೆ ಅಂದಾಗ ಇಬ್ಬರೂ ಮುಖಮುಖ ನೋಡಿಕೊಂಡರು. ಕಲಾ ಗ್ಲಾಸು ತೆಗೆದುಕೊಂಡಳು. ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಬಾಯಲ್ಲೇ ಇಟ್ಟುಕೊಂಡಳು.

"ಸಕ್ಕರೆ ಜಾಸ್ತಿ," ಅಂದಳು.

"ಹೌದಾ? ಕೊಡು ಇಲ್ಲಿ, ಇನ್ನೊಂದು ಚೂರು ನಿಂಬೆಹಣ್ಣು ಹಿಂಡ್ತೀನಿ," ಅಂತ ಗ್ಲಾಸಿಗೆ ಕೈ ಚಾಚಿದೆ.

ಅವಳು ಗ್ಲಾಸು ಬಿಡಲಿಲ್ಲ. ನನ್ನನ್ನೇ ನೋಡಿದಳು. "ರಾಧಾ, ಕೇಳುಸ್ಕೊಂಡ್ಯೇನೇ?" ಅಂದಳು. ರಾಧ, "ಕೇಳ್ಸಿತು ಕಣಕ್ಕ, ಕೇಳ್ಸಿತು," ಅಂತ ಸೆರಗು ಬಾಯಿಗೆ ಒತ್ತಿಕೊಂಡಳು. ಕೇಳಿಸಿಕೊಳ್ಳುವಂಥದ್ದು ಏನಿತ್ತು? ನಾನು ಹೇಳಿದ್ದು ನಿಂಬೆಹಣ್ಣಿನ ವಿಷಯ. ಆದರೆ ಕಲಾಳ ಕಣ್ಣು ತುಂಬಿತ್ತು. ಐಸು ತಣ್ಣಗೆ ಹೊಡೆದಿರಬೇಕು.

ನಿಂಬೆಹಣ್ಣು ಹೆಚ್ಚಿಕೊಂಡು ಬರುವಷ್ಟರಲ್ಲಿ ಗ್ಲಾಸು ಖಾಲಿ. "ಇನ್ನೊಂದರ್ಧ ಮಾಡಿ. ನಿಂಬೆ ಬ್ಯಾಡ, ಅಂಗೇ ಇರ್ಲಿ," ಅಂದಳು. ಮಾಡಿಕೊಟ್ಟೆ. ನಿಧಾನವಾಗಿ, ಕಾಲು ಅಲ್ಲಾಡಿಸುತ್ತಾ, ಒಬ್ಬ ರಾಣಿಯ ಹಾಗೆ ಕೂತು ಕುಡಿದಳು. ರಾಧ ಪಾಪ ಚಮಚದಲ್ಲಿ ಡಬ್ಬಿಯ ತಳ ಕೆರೆದು ರುಚಿ ನೋಡಿದಳು.

ಆಮೇಲೆ ಕಲಾ ಎದ್ದು ಒಳಗೆ ಹೋಗಿ ಬ್ಯಾಗು ತಂದಳು. "ನಡೀರಿ. ಆದ್ರೆ ಒಂದ್ ಮಾತು. ಬೆಳಗ್ಗೆ ರೈಲಿಗೆ ನಾನು ಇಲ್ಲಿಗೆ ಬರ್ಲೇಬೇಕು. ಜನ ಕಾಯ್ತಾರೆ."

"ಬಾ. ನಾನೂ ಬರ್ತೀನಿ. ಮನೇಲಿ ಕೂತು ಏನ್ ಮಾಡ್ಲಿ, ಈರುಳ್ಳಿ ಹೆಚ್ಚಿಕೊಡ್ತೀನಿ," ಅಂದೆ. ಅಲ್ಲಿ ಒಬ್ಬರು ಮೇಲ್ವಿಚಾರಣೆಗೆ ಇರುವುದು ಒಳ್ಳೆಯದೇ.

ಸಂಜೆ ರೈಲಿನಲ್ಲಿ ಬೆಂಗಳೂರಿನಿಂದ ಕೆಲಸ ಮುಗಿಸಿ ಬರುವ ಜನ ತುಂಬಿದ್ದರು. ಯಾರೋ ಎದ್ದು ನಮಗೆ ಸೀಟು ಬಿಟ್ಟರು. ಕಲಾಳಿಗೆ ಬಿಕ್ಕಳಿಕೆ ಶುರುವಾಯಿತು, ಬಿಕ್ಕಳಿಕೆಗೆ ನಗು ಬಂತು, ನಗುವಿಗೆ ಮತ್ತೆ ಬಿಕ್ಕಳಿಕೆ. "ರೀ, ಮುಂದಿನ್ ಸಲ ರಾಧನಿಗೂ ಒಂದ್ ಗ್ಲಾಸು ಜಾಸ್ತಿ ಮಾಡಿ," ಅಂತ ಬೋಗಿಗೆಲ್ಲ ಕೇಳುವ ಹಾಗೆ ಹೇಳಿ, ನನ್ನ ಹೆಗಲ ಮೇಲೆ ತಲೆಯಿಟ್ಟಳು. ಎದುರು ಸೀಟಿನಲ್ಲಿದ್ದ ಕಾರ್ಖಾನೆಯ ಇಬ್ಬರು ಹುಡುಗರು ನೋಡಿದರು. ಅಂಥ ಖುಷಿ ನನಗೆ ನಿವೃತ್ತಿಯಾದ ಮೇಲೆ ಆಗಿರಲಿಲ್ಲ. ನೋಡಲಿ ಅಂತ ಕೂತೆ.

ನಾವು ಇಳಿಯಬೇಕಾದ ಮಾರಿಕುಪ್ಪಂ ಬಂತು. ಎಲ್ಲರೂ ಇಳಿದರು. ಅವಳಿಗೆ ನಿದ್ದೆ ಹತ್ತಿತ್ತು. ಎಬ್ಬಿಸಲಿಲ್ಲ. ಅಲ್ಲಿಂದ ಮುಂದಕ್ಕೆ ಹಳಿಯೇ ಇಲ್ಲ, ಅವಸರವೇನೂ ಇರಲಿಲ್ಲ.